ಮಾತ್ರೆಗೆ ಎಕ್ಸ್‌ಪೈರಿ ಡೇಟ್ ಇದೆ, ಮಾತ್ರೆ ಬಗ್ಗೆ ಬರೆದ ಪೇಜಿಗೆ ಯಾಕಿಲ್ಲ? ಆನ್‌ಲೈನ್ ಆರೋಗ್ಯ ಮಾಹಿತಿ ಕೊಡೋರಿಗೊಂದು ಬಹಿರಂಗ ಪತ್ರ

ಇಂಟರ್ನೆಟ್ಟಲ್ಲಿ ಆರೋಗ್ಯದ ಬಗ್ಗೆ ಬರೆಯೋರಿಗೆ, ವೀಡಿಯೋ ಮಾಡೋರಿಗೆ, ಅದನ್ನೆಲ್ಲ ಹುಡುಕಿ ನಮ್ಮ ಮುಂದೆ ತಂದಿಡೋ ಕಂಪನಿಯೋರಿಗೆ, ಇವರನ್ನೆಲ್ಲ ವಿಚಾರಿಸ್ಕೋಬೇಕಾದ ಆರೋಗ್ಯ ಇಲಾಖೆಗಳೋರಿಗೆ,

ನಮಸ್ಕಾರ.

ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಮನೇಲಿ ವಯಸ್ಸಾದ ಅಮ್ಮ ಇರೋ, ರಾತ್ರಿ ಹನ್ನೊಂದು ಗಂಟೇಲಿ ಲ್ಯಾಬ್ ರಿಪೋರ್ಟ್ ಒಂದು ಕೈಲಿ ಮೊಬೈಲ್ ಇನ್ನೊಂದು ಕೈಲಿ ಹಿಡ್ಕೊಂಡು ಕೂತ್ಕೊಳ್ಳೋ ಕೋಟ್ಯಂತರ ಜನರಲ್ಲಿ ಒಬ್ಬಳು. ಹಾಗಾಗಿ ಇದನ್ನ ಪೇಷೆಂಟ್ ಕಡೆಯೋರ ಪತ್ರ ಅಂತ್ಲೇ ಓದ್ಕೊಳ್ಳಿ.

ಅಮ್ಮಂಗೆ 71. ಹಾರ್ಟ್ ತೊಂದರೆ ಯಾವತ್ತೂ ಇರ್ಲಿಲ್ಲ, ಬಿಪಿ ಒಂಚೂರು, ಮಂಡಿ ನೋವು ಮಾತ್ರ ಜಾಸ್ತಿ. ಯಾವತ್ತೋ ಮೊಬೈಲಲ್ಲಿ ಓದಿದ್ರಂತೆ, ಐವತ್ತು ದಾಟಿದೋರು ದಿನಕ್ಕೊಂದು ಸಣ್ಣ ಡೋಸ್ ಆಸ್ಪಿರಿನ್ ತಗೊಂಡ್ರೆ ಹಾರ್ಟ್ ಅಟ್ಯಾಕ್ ಹತ್ರಾನೇ ಸುಳಿಯಲ್ಲ ಅಂತ. ನಮಗ್ಯಾರಿಗೂ ಹೇಳ್ದೆ ಶುರು ಹಚ್ಕೊಂಡ್ರು, ಅದೂ ಮಂಡಿ ನೋವಿನ ಮಾತ್ರೆ ಜೊತೆಗೇ. ಎಂಟು ತಿಂಗಳು. ಆಮೇಲೆ ಸುಸ್ತು ಅಂದ್ರು, ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು, ಟಾರಿನ ಥರ ಕಪ್ಪಗೆ ಮಲ ಹೋಗ್ತಿದ್ದಿದ್ದನ್ನ ನಾಚಿಕೆಗೆ ಹೇಳೇ ಇರ್ಲಿಲ್ಲ. ಆಸ್ಪತ್ರೆಗೆ ಹೋದಾಗ ಹಿಮೋಗ್ಲೋಬಿನ್ 6.8. ಎರಡು ಬಾಟಲ್ ರಕ್ತ ಹಾಕಿದ್ರು, ಎಂಡೋಸ್ಕೋಪಿ ಮಾಡಿದ್ರು, ಹೊಟ್ಟೇಲಿ ಹುಣ್ಣಾಗಿ ರಕ್ತ ಒಸರ್ತಾ ಇತ್ತು. ಡ್ಯೂಟಿ ಡಾಕ್ಟರ್ "ಆಸ್ಪಿರಿನ್ ಯಾರಮ್ಮ ಬರ್ಕೊಟ್ಟಿದ್ದು?" ಅಂತ ಕೇಳಿದ್ರೆ ಅಮ್ಮ ಹೇಳಿದ್ದು ಒಂದೇ ಮಾತು: "ಮೊಬೈಲಲ್ಲಿತ್ತು."

ಅಮ್ಮ ಈಗ ಚೆನ್ನಾಗಿದಾರೆ. ನಾನು ಆ ಪೇಜನ್ನ ಹುಡುಕಿ ತೆಗ್ದೆ, ಜಗಳ ಆಡೋ ಮೂಡಲ್ಲೇ. ಯಾವನೋ ಎಣ್ಣೆ ಮಾರೋನು, ನಾಟಿ ಔಷಧಿ ಹೇಳೋನು ಬರ್ದಿರ್ತಾನೆ ಅಂದ್ಕೊಂಡಿದ್ದೆ. ಅಲ್ಲ. ಒಳ್ಳೆ ಭಾಷೆ, ಅಚ್ಚುಕಟ್ಟಾದ ಚಿತ್ರ, ಗದ್ದಲ ಇಲ್ಲ, ಮಾರಾಟ ಇಲ್ಲ. ಇನ್ನೂ ಬೇಜಾರಿನ ವಿಷಯ ಏನಂದ್ರೆ ಅದು ಬರೆದ ಕಾಲದಲ್ಲಿ ಹೆಚ್ಚುಕಮ್ಮಿ ಸರಿಯಾಗೇ ಇದ್ದಿರಬಹುದು. ಆಗ ಎಷ್ಟೋ ಡಾಕ್ಟ್ರುಗಳೇ ಹಾಗೆ ಹೇಳ್ತಿದ್ರು. ಆದ್ರೆ 2018ರಲ್ಲಿ ಆಸ್ಪ್ರೀ ಅನ್ನೋ ಅಧ್ಯಯನದ ಫಲಿತಾಂಶ ಬಂತು, ಆಸ್ಟ್ರೇಲಿಯಾ ಮತ್ತೆ ಅಮೆರಿಕದ 19,114 ಜನ ಆರೋಗ್ಯವಾಗಿದ್ದ ವಯಸ್ಸಾದೋರು, ಹೆಚ್ಚಿನೋರು 70 ದಾಟಿದೋರು, ಅರ್ಧ ಜನಕ್ಕೆ ಆಸ್ಪಿರಿನ್ ಅರ್ಧ ಜನಕ್ಕೆ ಬರೀ ಡಮ್ಮಿ ಮಾತ್ರೆ. ಮರೆವಿನ ಕಾಯಿಲೆ (ಡಿಮೆನ್ಶಿಯಾ), ಕೈಕಾಲು ಆಡದ ಹಾಗಾಗೋದು ಇಲ್ಲದೆ ಬದುಕೋದ್ರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಇಲ್ಲ, ಜೋರು ರಕ್ತಸ್ರಾವ ಮಾತ್ರ ಡಮ್ಮಿ ತಗೊಂಡ ನೂರು ಜನಕ್ಕೆ 2.8 ಇದ್ದಿದ್ದು ಆಸ್ಪಿರಿನ್ ತಗೊಂಡೋರಲ್ಲಿ 3.8. ಅಮೆರಿಕದ ತಜ್ಞರ ಸಮಿತಿ 2022ರಲ್ಲಿ 60 ದಾಟಿದ, ಹಾರ್ಟ್ ಕಾಯಿಲೆ ಇಲ್ಲದೋರಿಗೆ ಮುಂಜಾಗ್ರತೆಗೆ ಅಂತ ಹೊಸದಾಗಿ ಆಸ್ಪಿರಿನ್ ಶುರು ಮಾಡ್ಬೇಡಿ ಅಂತ ನೇರವಾಗೇ ಹೇಳಿತು. (ಈಗಾಗ್ಲೇ ಹಾರ್ಟ್ ಅಟ್ಯಾಕ್ ಆಗಿರೋರು, ಸ್ಟೆಂಟ್ ಹಾಕಿಸ್ಕೊಂಡಿರೋರು ಇದನ್ನ ಓದಿ ನಿಲ್ಲಿಸಿಬಿಡ್ಬೇಡಿ ದಯವಿಟ್ಟು, ನಿಮ್ಮ ಲೆಕ್ಕಾನೇ ಬೇರೆ, ನಿಮ್ಮ ಡಾಕ್ಟರನ್ನ ಕೇಳಿ. ನೋಡಿ, ಒಂದು ಸಾಲು ಬರೆಯೋಕೆ ನಂಗೇ ಇಷ್ಟು ಭಯ ಆಗತ್ತೆ.)

ಇಷ್ಟೆಲ್ಲ ಆದ್ರೂ ಆ ಪೇಜು ಮಾತ್ರ ಇದ್ದಲ್ಲೇ ಇತ್ತು. ಡೇಟ್ ಇಲ್ಲ, ಬರೆದೋರ ಹೆಸರಿಲ್ಲ. ಅದು ಹುಟ್ಟಿದಾಗ ಸುಳ್ಳಾಗಿರ್ಲಿಲ್ಲ ಸ್ವಾಮಿ, ನಿಂತಲ್ಲೇ ನಿಂತು ಸುಳ್ಳಾಯ್ತು. ನಾನು ಹೇಳ್ಬೇಕಾಗಿರೋದು ಇದೇ. ಆನ್‌ಲೈನ್ ಆರೋಗ್ಯ ಮಾಹಿತಿ ಅಂದ ಕೂಡ್ಲೇ ಎಲ್ರೂ ಕಳ್ಳ ವೈದ್ಯರ ಬಗ್ಗೆ, ಸುಳ್ಳು ಫಾರ್ವರ್ಡ್ ಬಗ್ಗೆ ಮಾತಾಡ್ತಾರೆ, ಅದೂ ಬೇಕು, 2020ರಲ್ಲಿ ಕೋವಿಡ್ಡಿಗೆ ಆಲ್ಕೋಹಾಲ್ ಮದ್ದು ಅನ್ನೋ ಗಾಳಿಸುದ್ದಿ ನಂಬಿ ಇರಾನಲ್ಲಿ ನೂರಾರು ಜನ ಮೆಥನಾಲ್ ಕುಡಿದು ಸತ್ತಿದ್ದು ಯಾರೂ ಮರೆಯೋ ಹಾಗಿಲ್ಲ. ಆದ್ರೆ ಒಳ್ಳೆ ಉದ್ದೇಶದಿಂದ ಬರೆದು, ಹಾಕಿ, ಕೈ ತೊಳ್ಕೊಂಡು, ಮತ್ತೆ ತಿರುಗಿ ನೋಡದೆ ಬಿಟ್ಟ ಪೇಜುಗಳ ಬಗ್ಗೆ ಮಾತೇ ಇಲ್ಲ. ಕಳ್ಳನ ಪೇಜಾದ್ರೆ ಅಮ್ಮಂಗೂ ಅನುಮಾನ ಬರ್ತಿತ್ತು.

ಮಾತ್ರೆ ಸ್ಟ್ರಿಪ್ ತಿರುಗಿಸಿ ನೋಡಿ, ತಯಾರಾದ ತಿಂಗಳು, ಎಕ್ಸ್‌ಪೈರಿ, ಬ್ಯಾಚ್ ನಂಬರ್, ಮಾಡಿದೋರ ವಿಳಾಸ ಎಲ್ಲ ಇರತ್ತೆ, ಭೂತಗನ್ನಡಿ ಬೇಕು ಓದೋಕೆ, ಆದ್ರೂ ಇರತ್ತೆ. ಅದೇ ಮಾತ್ರೆನ ಯಾರು ಎಷ್ಟು ತಗೋಬೇಕು ಅಂತ ಹೇಳೋ ಪೇಜಿಗೆ ಇದ್ಯಾವುದೂ ಬೇಡ್ವಾ? ಮಾಡಕ್ಕಾಗಲ್ಲ ಅಂತ ಹೇಳ್ಬೇಡಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ವೆಬ್‌ಸೈಟಲ್ಲಿ ಕಾಯಿಲೆಗಳ ಪೇಜುಗಳ ಕೊನೇಲಿ ಈ ಪೇಜನ್ನ ಯಾವಾಗ ಪರಿಶೀಲಿಸಿದ್ದು, ಮುಂದಿನ ಪರಿಶೀಲನೆ ಯಾವಾಗ ಅಂತ ಎರಡು ಡೇಟ್ ಹಾಕ್ತಾರೆ. ಎರಡನೇದು ಮುಖ್ಯ ನೋಡಿ. ಮೊದಲನೇದು ಮಾಡಿದ್ದನ್ನ ಹೇಳೋದು, ಎರಡನೇದು ಮಾತು ಕೊಡೋದು. ವಿಕಿಪೀಡಿಯಾನ ಎಲ್ರೂ ಬೈತಾರೆ, ಆದ್ರೆ ಅಲ್ಲಿ ಇತಿಹಾಸ ಅಂತ ಒತ್ತಿದ್ರೆ ಯಾವ ದಿನ ಯಾವ ಸಾಲು ಬದಲಾಯ್ತು ಅಂತ ಪೂರ್ತಿ ಕಾಣತ್ತೆ. ಆ ಮಟ್ಟಿಗೆ ಅದು ಎಷ್ಟೋ ದೊಡ್ಡ ಆರೋಗ್ಯ ವೆಬ್‌ಸೈಟಿಗಿಂತ ಪ್ರಾಮಾಣಿಕ.

ಹಾಗಂತ ಸುಮ್ನೆ ಡೇಟ್ ಅಂಟಿಸಿದ್ರೂ ಆಗಲ್ಲ. ಈಗೊಂದು ಹೊಸ ಕಳ್ಳಾಟ ಶುರುವಾಗಿದೆ, ಒಳಗೆ ಒಂದಕ್ಷರ ಮುಟ್ಟದೆ ಮೇಲೆ ಮಾತ್ರ "ಈ ತಿಂಗಳು ಅಪ್‌ಡೇಟ್ ಆಗಿದೆ" ಅಂತ ಬರೋ ಹಾಗೆ ಮಾಡೋದು, ಹುಡುಕಾಟದಲ್ಲಿ ಮೇಲೆ ಬರ್ಲಿ ಅಂತ. ಹಳೇ ಮಾತ್ರೆ ಸ್ಟ್ರಿಪ್ಪಿನ ಡೇಟ್ ಅಳಿಸಿ ಹೊಸ ಡೇಟ್ ಹೊಡೆದ್ರೆ ಜೈಲಿಗೆ ಹಾಕ್ತಾರೆ, ಇಲ್ಲಿ ಅದಕ್ಕೆ ಮಾರ್ಕೆಟಿಂಗ್ ಅಂತ ಹೆಸರು. ಡೇಟ್ ಬದಲಾಯಿಸಿದ್ರೆ ಏನು ಬದಲಾಯ್ತು ಅಂತ ಒಂದು ಸಾಲು ಬರೀರಿ. "2022ರ ಸಲಹೆ ಪ್ರಕಾರ 60 ದಾಟಿದೋರ ವಿಷಯ ತಿದ್ದಿದ್ದೀವಿ" ಅಂತ. ಅಷ್ಟೇ ಸಾಕು.

ಆಸ್ಪಿರಿನ್ ಒಂದೇ ಅಲ್ಲ, ಸಲಹೆ ತಲೆಕೆಳಗಾಗಿದ್ದು ಬೇಕಾದಷ್ಟಿದೆ. ಅಲರ್ಜಿ ಬರೋ ಸಾಧ್ಯತೆ ಜಾಸ್ತಿ ಇರೋ ಮಕ್ಕಳಿಗೆ ಮೂರು ವರ್ಷದ ತನಕ ಕಡಲೆಕಾಯಿ ಕೊಡ್ಲೇಬೇಡಿ ಅಂತ ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ 2000ದಲ್ಲಿ ಹೇಳಿತ್ತು. 2015ರಲ್ಲಿ ಲೀಪ್ ಅನ್ನೋ ಅಧ್ಯಯನ ಬಂತು, 640 ಹಸುಗೂಸುಗಳು, ಬೇಗ ಶುರು ಮಾಡಿದ ಮಕ್ಕಳಲ್ಲಿ ಐದು ವರ್ಷ ತುಂಬೋ ಹೊತ್ತಿಗೆ ಅಲರ್ಜಿ ಇದ್ದಿದ್ದು ನೂರಕ್ಕೆ ಸುಮಾರು 3, ದೂರ ಇಟ್ಟ ಮಕ್ಕಳಲ್ಲಿ 17. 2017ಕ್ಕೆ ಸಲಹೆ ಉಲ್ಟಾ ಆಯ್ತು, ಅಂಥ ಮಕ್ಕಳಿಗೆ ಡಾಕ್ಟರ್ ಹತ್ರ ಕೇಳ್ಕೊಂಡು ಮೊದಲ ವರ್ಷದಲ್ಲೇ, ಗಂಟಲಿಗೆ ಸಿಕ್ಕದ ಹಾಗೆ ತೆಳ್ಳಗೆ ಮಾಡಿ ಕೊಡಿ ಅಂತ. ಈಗ ಒಬ್ಬ ಬಾಣಂತಿ 2005ರ ಪೇಜ್ ಓದಿದ್ರೆ ಒಂದು ಉತ್ತರ, 2018ರ ಪೇಜ್ ಓದಿದ್ರೆ ಇನ್ನೊಂದು, ಎರಡರಲ್ಲೂ ಡೇಟ್ ಇಲ್ಲ, ಎರಡೂ ಅಷ್ಟೇ ಗಂಭೀರವಾಗಿ ಮಾತಾಡ್ತವೆ, ಅವಳು ಏನ್ ಮಾಡ್ಬೇಕು?

ಮಕ್ಕಳನ್ನ ಮಲಗಿಸೋ ವಿಷಯವಂತೂ ಇನ್ನೂ ಕರುಳು ಹಿಂಡತ್ತೆ. ಎಷ್ಟೋ ವರ್ಷ ಪಾಶ್ಚಾತ್ಯ ದೇಶಗಳಲ್ಲಿ ಕೂಸುಗಳನ್ನ ಬೋರಲು ಮಲಗಿಸಿ ಅಂತ ಪುಸ್ತಕಗಳಲ್ಲಿ ಹೇಳ್ತಿದ್ರು. ಅಂಗಾತ ಮಲಗಿಸಿ ಅನ್ನೋ ಪ್ರಚಾರ ಬ್ರಿಟನ್ನಿನಲ್ಲಿ ಶುರುವಾಗಿದ್ದು 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ, ಆಮೇಲೆ ತೊಟ್ಟಿಲ ಸಾವುಗಳು (ಚೆನ್ನಾಗಿದ್ದ ಕೂಸು ನಿದ್ದೇಲೇ ಇದ್ದಕ್ಕಿದ್ದ ಹಾಗೆ ಹೋಗಿಬಿಡೋದು) ಅರ್ಧಕ್ಕರ್ಧ ಕಮ್ಮಿ ಆದ್ವು. 2005ರಲ್ಲಿ ಹಳೇ ಸಂಶೋಧನೆಗಳನ್ನೆಲ್ಲ ಒಟ್ಟುಹಾಕಿ ನೋಡಿದೋರು ಹೇಳಿದ್ದು, ಬೋರಲು ಮಲಗಿಸೋದು ಅಪಾಯ ಅನ್ನೋಕೆ ಬೇಕಾದ ಪುರಾವೆ 1970ರ ಹೊತ್ತಿಗೇ ಇತ್ತು, ಕೂಡಿಸಿ ನೋಡೋರು ಇರ್ಲಿಲ್ಲ ಅಷ್ಟೇ. ಅದು ಪುಸ್ತಕದ ಕಾಲ, ತಿದ್ದೋಕೆ ಹೊಸ ಮುದ್ರಣ ಬರ್ಬೇಕಿತ್ತು. ನಿಮ್ಮದು ಕೀಬೋರ್ಡು. ಐದು ನಿಮಿಷದ ಕೆಲಸ.

ತಪ್ಪು ಒಪ್ಕೊಂಡ್ರೂ ಅದು ಜನರಿಗೆ ಮುಟ್ಟೋದು ಎಷ್ಟು ಕಷ್ಟ ಅನ್ನೋಕೆ ವೇಕ್‌ಫೀಲ್ಡ್ ಅನ್ನೋ ಬ್ರಿಟಿಷ್ ಡಾಕ್ಟರ್ ಪ್ರಕರಣ ಇದ್ದೇ ಇದೆ. 1998ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂದ ಅವರ ಲೇಖನ, ಬರೀ 12 ಮಕ್ಕಳು, ದಡಾರ, ಮಂಗನಬಾವು, ರುಬೆಲ್ಲಾ ತಡೆಯೋ ಎಂಎಂಆರ್ ಲಸಿಕೆಗೂ ಆಟಿಸಂಗೂ ಸಂಬಂಧ ಇರಬಹುದು ಅನ್ನೋ ಸುಳಿವು. ಪತ್ರಿಕೆ ಅದನ್ನ ವಾಪಸ್ ತಗೊಂಡಿದ್ದು 2010ರಲ್ಲಿ. ಹನ್ನೆರಡು ವರ್ಷ! ಅದೇ ವರ್ಷ ಅವರ ಹೆಸರು ಡಾಕ್ಟರುಗಳ ಪಟ್ಟಿಯಿಂದಾನೂ ಹೋಯ್ತು. ಆದ್ರೆ ಆ ಮಾತು ಇವತ್ತಿಗೂ ಓಡಾಡ್ತಿದೆ, ಯಾಕಂದ್ರೆ ವಾಪಸ್ ತಗೊಂಡಿದ್ದು ಮೂಲ ಲೇಖನ ಒಂದನ್ನ, ಅದನ್ನ ನೋಡಿ ಬರ್ಕೊಂಡ ಸಾವಿರಾರು ಪೇಜುಗಳನ್ನ ಯಾರು ವಾಪಸ್ ತಗೊಳ್ತಾರೆ? ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂತಾರಲ್ಲ ಹಾಗೆ ಒಬ್ಬರನ್ನ ನೋಡಿ ಒಬ್ಬರು ಬರೆಯೋದು, ಎತ್ತು ಈಯಲ್ಲ ಅಂತ ಗೊತ್ತಾದ್ಮೇಲೂ ಕೊಟ್ಟಿಗೆಗೆ ಹೋಗಿ ಹಗ್ಗ ಬಿಚ್ಚೋರು ಯಾರೂ ಇಲ್ಲ.

ಈಗ ಇದಕ್ಕೆ ಎಐ ಬೇರೆ ಸೇರ್ಕೊಂಡಿದೆ. ಮೊದ್ಲು ಹತ್ತು ಲಿಂಕ್ ಬರ್ತಿತ್ತು, ಕನಿಷ್ಠ ಯಾರ ಪೇಜು ಅಂತ ಮುಖ ನೋಡಿ ಮಣೆ ಹಾಕ್ಬಹುದಿತ್ತು. ಈಗ ಮೇಲ್ಗಡೆನೇ ಒಂದು ಉತ್ತರ ಬಂದುಬಿಡತ್ತೆ, ಹಳೇದು ಹೊಸದು ಎಲ್ಲ ಕಲಸಿ, ನೀಟಾಗಿ, ಒಂಚೂರೂ ಅಳುಕಿಲ್ಲದೆ. ಆ ಯಂತ್ರ ಓದಿರೋದು ಯಾವುದನ್ನ? ನೀವು ತಿದ್ದದೆ ಬಿಟ್ಟ ಪೇಜುಗಳನ್ನೂ ಸೇರಿಸಿ. ಗೂಗಲ್‌ನೋರೇ ಫಲಿತಾಂಶಗಳ ಗುಣಮಟ್ಟ ಅಳೆಯೋರಿಗೆ ಕೊಡೋ ಮಾರ್ಗಸೂಚೀಲಿ ಆರೋಗ್ಯ, ಹಣಕಾಸು ಇಂಥದ್ದಕ್ಕೆಲ್ಲ "ನಿಮ್ಮ ದುಡ್ಡು ಇಲ್ಲಾ ನಿಮ್ಮ ಜೀವ" ಅನ್ನೋ ಅರ್ಥದ ಹೆಸರಿಟ್ಟು, ಇಲ್ಲಿ ಬಿಗಿಯಾಗಿ ನೋಡಿ ಅಂತ ಬರ್ಕೊಂಡಿದಾರೆ. ಹೆಸರು ಚೆನ್ನಾಗಿದೆ, ಅಪಾಯ ಗೊತ್ತಿದೆ ಅಂತಾಯ್ತು. ಹಾಗಾದ್ರೆ ಆರೋಗ್ಯದ ಉತ್ತರದ ಪಕ್ಕ ಇದು ಯಾವ ವರ್ಷದ ಮಾಹಿತಿ ಅಂತ ದಪ್ಪ ಅಕ್ಷರದಲ್ಲಿ ಹಾಕೋಕೆ ಏನು ತೊಂದರೆ? ಡೇಟ್ ಸಿಗದ ಪೇಜನ್ನ ಕೆಳಗೆ ತಳ್ಳೋಕೆ ಏನು ಕಷ್ಟ?

ವೀಡಿಯೋ ಮಾಡೋ ಡಾಕ್ಟರುಗಳಿಗೂ ಒಂದ್ಮಾತು. ಯೂಟ್ಯೂಬಲ್ಲಿ ಒಮ್ಮೆ ಹಾಕಿದ ವೀಡಿಯೋನ ಅದೇ ಲಿಂಕಲ್ಲಿ ಬೇರೆ ವೀಡಿಯೋ ಇಟ್ಟು ಬದಲಾಯಿಸೋಕೆ ಆಗಲ್ಲ, ಹೆಚ್ಚಂದ್ರೆ ಕತ್ತರಿಸಬಹುದು. ಅದಕ್ಕೇ ಮಾತಿನ ಶುರುವಲ್ಲೇ ತಿಂಗಳು, ವರ್ಷ ಬಾಯಲ್ಲಿ ಹೇಳಿ, ಯಾಕಂದ್ರೆ ಅದು ಫಾರ್ವರ್ಡ್ ಆಗಿ ಹೋಗುವಾಗ ಟೈಟಲ್ಲು, ಡೇಟು ಎಲ್ಲ ಉದುರಿ ಬರೀ ನಿಮ್ಮ ದನಿ, ನಿಮ್ಮ ಬಿಳಿ ಕೋಟು ಉಳಿಯೋದು. ಸಲಹೆ ಬದಲಾದ್ರೆ ಹಳೇದನ್ನ ತೆಗೀರಿ. ಲಕ್ಷಗಟ್ಟಲೆ ವ್ಯೂಸ್ ಬಂದಿರೋದನ್ನ ತೆಗೆಯೋಕೆ ಮನಸ್ಸಾಗಲ್ಲ ಗೊತ್ತು.

ಇನ್ನು ಅಂಕಿ ಅಂಶ. ಇದು ಹಳೇದಾಗೋ ಸಮಸ್ಯೆ ಅಲ್ಲ, ಸರಿಯಾಗಿದ್ದೂ ದಾರಿ ತಪ್ಪಿಸೋದು. 1995ರ ಅಕ್ಟೋಬರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟೋ ಅಪಾಯ ಎರಡು ಪಟ್ಟಾಗತ್ತೆ ಅಂತ ಎಚ್ಚರಿಕೆ ಕೊಟ್ಟಿತು. ಸುಳ್ಳಲ್ಲ. ಏಳು ಸಾವಿರ ಹೆಂಗಸರಲ್ಲಿ ಒಬ್ಬರಿಗೆ ಆಗ್ತಿದ್ದಿದ್ದು ಇಬ್ಬರಿಗೆ ಆಗತ್ತೆ ಅಂತ ಅದರ ಅರ್ಥ. ಆದ್ರೆ ಜನರ ಕಿವಿಗೆ ಬಿದ್ದಿದ್ದು "ನೂರು ಪರ್ಸೆಂಟ್ ಜಾಸ್ತಿ" ಅನ್ನೋದು. ಹೆದರಿ ಎಷ್ಟೋ ಜನ ಮಾತ್ರೆ ಬಿಟ್ರು, ಮುಂದಿನ ವರ್ಷ ಇಂಗ್ಲೆಂಡ್ ಮತ್ತೆ ವೇಲ್ಸಲ್ಲಿ ಸುಮಾರು 13,000 ಗರ್ಭಪಾತ ಹೆಚ್ಚಾಗಿ ಆಯ್ತು ಅಂತ ಅಂದಾಜು. ಇನ್ನೊಂದೇನಂದ್ರೆ ಬಸುರಿನಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಆ ಮಾತ್ರೆಗಿಂತ ಜಾಸ್ತಿ. ಮೂವತ್ತು ವರ್ಷ ಆಯ್ತು, ಇವತ್ತಿಗೂ "ಇದು ತಿಂದ್ರೆ ಕ್ಯಾನ್ಸರ್ ಅಪಾಯ 50 ಪರ್ಸೆಂಟ್ ಹೆಚ್ಚು" ಅಂತ ಹೆಡ್ಡಿಂಗ್ ಬರತ್ತೆ, ಎಷ್ಟರಿಂದ ಎಷ್ಟಕ್ಕೆ ಅಂತ ಎಲ್ಲೂ ಇರಲ್ಲ. ನೂರು ಜನದಲ್ಲಿ ಎಷ್ಟು ಜನ ಅಂತ ಹೇಳಿ ಸಾಕು, ಅಷ್ಟು ಲೆಕ್ಕ ಎಲ್ರಿಗೂ ಬರತ್ತೆ.

ಸಣ್ಣ ಸಣ್ಣ ಎಡವಟ್ಟುಗಳೂ ಇವೆ. ಪ್ಯಾರಾಸಿಟಮಾಲ್, ಅಸೆಟಮಿನೋಫೆನ್ ಎರಡೂ ಒಂದೇ ಔಷಧಿ, ದೇಶ ಬದಲಾದ್ರೆ ಹೆಸರು ಬದಲಾಗತ್ತೆ, ಶೀತದ ಮಾತ್ರೆಗಳಲ್ಲಿ ಬೇರೆ ಸೇರ್ಕೊಂಡಿರತ್ತೆ. ಎರಡು ಬೇರೆ ಅಂದ್ಕೊಂಡು ಎರಡೂ ನುಂಗ್ತಾ ಹೋದ್ರೆ ಡೋಸ್ ಮೀರಿ ಲಿವರ್ ಕಥೆ ಮುಗಿಯಬಹುದು, ದೊಡ್ಡೋರಿಗೇ ದಿನಕ್ಕೆ 4 ಗ್ರಾಂ ಮೇಲೆ ಹೋಗಬಾರದು. ಶುಗರ್ ರಿಪೋರ್ಟ್ ಒಂದು ಕಡೆ 126 ಅಂತ ಬರತ್ತೆ, ಇನ್ನೊಂದು ಕಡೆ 7 ಅಂತ ಬರತ್ತೆ, ಎರಡೂ ಒಂದೇ, ಅಳತೆ ಬೇರೆ (ಒಂದು ಮಿಲಿಗ್ರಾಂ ಲೆಕ್ಕ, ಇನ್ನೊಂದು ಮಿಲಿಮೋಲ್ ಲೆಕ್ಕ), 7ನ್ನ 18ರಿಂದ ಗುಣಿಸ್ಬೇಕು ಅಷ್ಟೇ. ಇದನ್ನ ಒಂದು ಸಾಲಲ್ಲಿ ಹೇಳದೆ ಬರೀ ನಂಬರ್ ಹಾಕಿದ್ರೆ ಓದೋನು ಒಂದೋ ಗಾಬರಿ ಬೀಳ್ತಾನೆ ಇಲ್ಲಾ ಸುಮ್ನೆ ನಿದ್ದೆ ಮಾಡ್ತಾನೆ, ಎರಡೂ ತಪ್ಪು. ಅನುವಾದ ಮಾಡೋರಂತೂ ದೇವರೇ ಕಾಪಾಡ್ಬೇಕು. ಇಂಗ್ಲಿಷಲ್ಲಿ "ವನ್ಸ್" ಅಂದ್ರೆ ಒಂದು ಸಲ, ಅದೇ ಅಕ್ಷರಗಳನ್ನ ಸ್ಪ್ಯಾನಿಷಲ್ಲಿ ಓದಿದ್ರೆ ಹನ್ನೊಂದು. ನ್ಯೂಯಾರ್ಕಿನ ಔಷಧಿ ಅಂಗಡಿಗಳಲ್ಲಿ ಕಂಪ್ಯೂಟರ್ ಮಾಡೋ ಸ್ಪ್ಯಾನಿಷ್ ಲೇಬಲ್‌ಗಳನ್ನ ನೋಡಿದ ಒಂದು ಅಧ್ಯಯನ 2010ರಲ್ಲಿ ಬಂತು, ಈ ಥರದ ತಪ್ಪುಗಳು ರಾಶಿ ಸಿಕ್ಕಿದ್ವು. ದಿನಕ್ಕೆ ಹನ್ನೊಂದು ಸಲ ಬಿಪಿ ಮಾತ್ರೆ ನುಂಗೋದನ್ನ ಊಹಿಸ್ಕೊಳ್ಳಿ. ಯಂತ್ರ ಮಾಡಿದ ಅನುವಾದನ ಆ ಭಾಷೆ ಮಾತಾಡೋ ಒಬ್ಬ ಡಾಕ್ಟರೋ ನರ್ಸೋ ಓದದೆ ಹಾಕ್ಲೇಬೇಡಿ.

ಇಷ್ಟೆಲ್ಲ ಹೇಳಿದ್ರೆ ನೀವು ಕೊಡೋ ಉತ್ತರ ಗೊತ್ತು, ಕೆಳಗಡೆ ಹಾಕಿದೀವಲ್ಲ, "ಇದು ಮಾಹಿತಿಗಾಗಿ ಮಾತ್ರ, ವೈದ್ಯರನ್ನು ಸಂಪರ್ಕಿಸಿ" ಅಂತ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಆ ಸಾಲು. ಅದು ನಿಮ್ಮ ವಕೀಲರಿಗೋಸ್ಕರ ಇರೋದು, ಅಮ್ಮಂಗೋಸ್ಕರ ಅಲ್ಲ. ಅಮ್ಮಂಗೋಸ್ಕರ ಆಗಿದ್ರೆ "ಮಂಡಿ ನೋವಿನ ಮಾತ್ರೆ ತಗೊಳ್ತಿದ್ರೆ, ಹೊಟ್ಟೆ ಹುಣ್ಣು ಆಗಿದ್ರೆ, 60 ದಾಟಿದ್ರೆ ಇದನ್ನ ನೀವೇ ಶುರು ಮಾಡ್ಬೇಡಿ" ಅಂತ ಮೇಲ್ಗಡೆನೇ ಇರ್ತಿತ್ತು.

ಡಾಕ್ಟರುಗಳು ಇನ್ನೊಂದು ಕಡೆ, "ಗೂಗಲ್ ನೋಡ್ಕೊಂಡು ಬರ್ಬೇಡಿ" ಅಂತ ರೇಗ್ತಾರೆ. ಅವರ ಬೇಜಾರೂ ಅರ್ಥ ಆಗತ್ತೆ, ಆದ್ರೆ ಐದು ನಿಮಿಷದ ಭೇಟೀಲಿ ಮುಖ ಎತ್ತಿ ನೋಡೋಕೂ ಟೈಮಿಲ್ಲ ಅಂದ್ರೆ ಜನ ಎಲ್ಲಿಗೆ ಹೋಗ್ಬೇಕು? ಅಮ್ಮಂಗೆ ಈ ಸಲ ನೋಡಿದ ಡಾಕ್ಟರ್ ರೇಗ್ಲಿಲ್ಲ. "ಆ ಪೇಜ್ ತೋರ್ಸಿ" ಅಂದ್ರು, ಓದಿದ್ರು, ಎಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರ್ಸಿದ್ರು. ಅಮ್ಮ ಈಗ ಏನು ಓದಿದ್ರೂ ಅವರ ಹತ್ರ ತಗೊಂಡ್ಹೋಗ್ತಾರೆ.

ನಾನು ಹೊಸದೇನೂ ಕೇಳ್ತಿಲ್ಲ. ಇಂಟರ್ನೆಟ್ ಇನ್ನೂ ಮಗುವಾಗಿದ್ದಾಗ, 1997ರಲ್ಲೇ, ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೇಲಿ ನಾಲ್ಕು ವಿಷಯ ಬರೆದಿದ್ರು, ಯಾರು ಬರೆದಿದ್ದು, ಎಲ್ಲಿಂದ ತಗೊಂಡಿದ್ದು, ಯಾರ ದುಡ್ಡು, ಯಾವತ್ತಿನದು. 1999ರಲ್ಲಿ ಬ್ರಿಟನ್ನಿನಲ್ಲಿ ಡಿಸರ್ನ್ ಅಂತ 16 ಪ್ರಶ್ನೆಗಳ ಒಂದು ಪಟ್ಟಿ ಮಾಡಿದ್ರು, ಚಿಕಿತ್ಸೆ ಬಗ್ಗೆ ಬರೆದಿದ್ದನ್ನ ಅಳೆಯೋಕೆ. ಅದರಲ್ಲಿ ಐದನೇ ಪ್ರಶ್ನೆನೇ ಈ ಮಾಹಿತಿ ಯಾವಾಗಿನದು ಅಂತ ಸ್ಪಷ್ಟವಾಗಿದ್ಯಾ ಅನ್ನೋದು. ನಂಗೆ ತುಂಬ ಇಷ್ಟ ಆಗಿದ್ದು ಇನ್ನೊಂದು: ಏನೂ ಚಿಕಿತ್ಸೆ ಮಾಡದೆ ಬಿಟ್ರೆ ಏನಾಗತ್ತೆ ಅಂತ ಹೇಳಿದಾರಾ? ಎಷ್ಟು ಪೇಜಲ್ಲಿ ಇದನ್ನ ನೋಡಿದೀರಾ ನೀವು? ಜಿನೀವಾದಲ್ಲಿ ಹಾನ್ ಅನ್ನೋ ಸಂಸ್ಥೆ 1996ರಿಂದ ಎಂಟು ನಿಯಮ ಇಟ್ಕೊಂಡು, ಪಾಲಿಸೋ ವೆಬ್‌ಸೈಟುಗಳಿಗೆ ಒಂದು ಮುದ್ರೆ ಕೊಡ್ತಿತ್ತು, ಅದೂ 2022ರ ಕೊನೇಲಿ ಮುಚ್ಚಿಹೋಯ್ತು. ಮುದ್ರೆ ಅಂದ್ರೆ ಕೊನೆಗೂ ಒಂದು ಚಿತ್ರ, ಅದರ ಹಿಂದೆ ಕೂತು ಪೇಜ್ ಓದೋ ಮನುಷ್ಯರಿಗೆ ಸಂಬಳ ಕೊಡೋರು ಬೇಕಲ್ವಾ. ಆರೋಗ್ಯ ಇಲಾಖೆಗಳು ದುಡ್ಡು ಹಾಕ್ಬೇಕಾಗಿರೋದು ಇಲ್ಲಿ. ಜಾಗೃತಿ ಪೋಸ್ಟರ್ ಸಾಕಷ್ಟಾಗಿದೆ.

ಹಾಗಾಗಿ ಕೇಳ್ತಿರೋದು ಇಷ್ಟೇ. ಪ್ರತಿ ಆರೋಗ್ಯ ಪೇಜಿನ ತಲೆ ಮೇಲೆ, ಬುಡದಲ್ಲಲ್ಲ, ಕೊನೇ ಸಲ ಯಾರು ಓದಿ ಸರಿ ಅಂದ್ರು, ಯಾವತ್ತು, ಮುಂದೆ ಯಾವತ್ತು ಓದ್ತಾರೆ ಅಂತ ಇರ್ಲಿ. ಆ ದಿನ ದಾಟಿ ಯಾರೂ ಓದಿಲ್ಲ ಅಂದ್ರೆ ಪೇಜು ತಾನಾಗೇ "ಇದು ಹಳೇದು" ಅಂತ ಕೆಂಪಗೆ ತೋರಿಸ್ಲಿ, ಇನ್ನೂ ಆರು ತಿಂಗಳು ಯಾರೂ ಮುಟ್ಟದಿದ್ರೆ ಇಳಿದುಹೋಗ್ಲಿ, ಇಲ್ಲದಿರೋ ಪೇಜು ಯಾರನ್ನೂ ಆಸ್ಪತ್ರೆಗೆ ಸೇರಿಸಲ್ಲ. ಮತ್ತೆ "ಇಲ್ಲಿ ತಪ್ಪಿದೆ" ಅಂತ ಹೇಳೋಕೆ ಒಂದು ಬಟನ್ ಕೊಡಿ, ಆ ಕಡೆ ಒಬ್ಬ ಮನುಷ್ಯ ಇರ್ಲಿ.

ಯಾಕೆ ಇದನ್ನ ಒತ್ತಿ ಹೇಳ್ತಿದೀನಿ ಅಂದ್ರೆ, ಅಮ್ಮ ಓದಿದ ಆ ಪೇಜಿನೋರಿಗೆ ನಾನು ಮೂರು ಸಲ ಬರ್ದೆ. ಮೂರು ಸಲಾನೂ "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅಂತ ತಕ್ಷಣ ಉತ್ತರ ಬಂತು, ರಾತ್ರಿ ಎರಡು ಗಂಟೇಲಿ ಕಳಿಸಿದ್ದಕ್ಕೂ. ಈ ಪತ್ರ ಹಾಕೋ ಮುಂಚೆ ಇವತ್ತು ಬೆಳಿಗ್ಗೆ ಇನ್ನೊಂದ್ಸಲ ತೆಗೆದು ನೋಡ್ದೆ. ಒಳಗೆ ಒಂದು ಸಾಲೂ ಬದಲಾಗಿಲ್ಲ. ಮೇಲ್ಗಡೆ ಒಂದು ಹೊಸ ಸಾಲು ಸೇರಿದೆ, ಇತ್ತೀಚೆಗೆ ಅಪ್‌ಡೇಟ್ ಮಾಡಲಾಗಿದೆ ಅಂತ.

ಇಂತಿ,
ಪೇಷೆಂಟ್ ಒಬ್ಬರ ಮಗಳು